ಪಾನೀಯದ ಗೋದಾಮಿಗೆ ಎಂಥ ತಂತ್ರಜ್ಞಾನ?

ಪ್ರಶ್ನೆ: ನಾನು ದಾವಣಗೆರೆಯಲ್ಲಿ ತಂಪು ಪಾನೀಯ ಹಾಗೂ ಕುಡಿಯುವ ನೀರಿನ ಬಾಟಲಿಗಳ ಸಗಟು ವಿತರಕ. ಬೇಸಿಗೆಯಲ್ಲಿ ದಿನವೂ ಲಾರಿ ಬರುತ್ತದೆ. ಹೊಸ ಮಾಲು ಮುಂದೆ ಕೂರುತ್ತದೆ, ಹಳೆಯದು ಹಿಂದೆಯೇ ಉಳಿದು ಅವಧಿ ಮೀರುತ್ತದೆ. ಪುಸ್ತಕದ ಲೆಕ್ಕಕ್ಕೂ ಗೋದಾಮಿನ ಎಣಿಕೆಗೂ ತಾಳೆಯಾಗುವುದಿಲ್ಲ. ಪ್ರತಿ ಕೇಸಿಗೂ ಆರ್‌ಎಫ್‌ಐಡಿ ಟ್ಯಾಗ್ (ರೇಡಿಯೊ ತರಂಗದ ಮೂಲಕ ಓದುವ ಗುರುತು ಚೀಟಿ) ಅಂಟಿಸಿದರೆ ಬಾಗಿಲಲ್ಲೇ ಎಲ್ಲವೂ ತಾನಾಗಿ ದಾಖಲಾಗುತ್ತದೆಂದು ಉಪಕರಣ ಮಾರುವವರೊಬ್ಬರು ಹೇಳುತ್ತಿದ್ದಾರೆ. ಇದು ನಮ್ಮಂಥವರಿಗೆ ಸೂಕ್ತವೇ?

ಉತ್ತರ: ಪ್ರತಿ ಕೇಸಿಗೆ ಟ್ಯಾಗ್ ಬೇಡ, ನಿಮ್ಮ ಸರಕಿನ ಸ್ವಭಾವವೇ ಅದಕ್ಕೆ ಅಡ್ಡಿ. ದೂರದಿಂದ ಓದಬಲ್ಲ ಇಂಥ ಟ್ಯಾಗುಗಳು ಭಾರತದಲ್ಲಿ 865 ಮೆಗಾಹರ್ಟ್ಸ್ ಆಸುಪಾಸಿನ ರೇಡಿಯೊ ತರಂಗಗಳಿಂದ ಕೆಲಸ ಮಾಡುತ್ತವೆ. ಆ ತರಂಗಗಳನ್ನು ನೀರು ಹೀರಿಕೊಳ್ಳುತ್ತದೆ, ಅಲ್ಯೂಮಿನಿಯಂ ಡಬ್ಬಿ ಹಿಂದಕ್ಕಟ್ಟುತ್ತದೆ. ಬಟ್ಟೆ ಮಳಿಗೆಯಲ್ಲಿ ಸಲೀಸಾಗಿ ನಡೆಯುವ ಈ ವಿದ್ಯೆಗೆ ಬಾಟಲಿ ರಾಶಿಯ ನಡುವಿನ ಕೇಸು ಕಾಣದೆಯೇ ಹೋಗಬಹುದು. ಆ ಮಾರಾಟಗಾರರು ಒತ್ತಾಯಿಸಿದರೆ, ತುಂಬಿದ ಬಾಟಲಿಗಳ ಮೇಲೆ, ನಿಮ್ಮ ಗೋದಾಮಿನಲ್ಲೇ ಓದಿ ತೋರಿಸಲು ಹೇಳಿ. ಖಾಲಿ ರಟ್ಟಿನ ಪೆಟ್ಟಿಗೆಯ ಪ್ರದರ್ಶನವನ್ನು ನಂಬಬೇಡಿ.

ನಿಮ್ಮ ಪತ್ರದಲ್ಲಿ ನನಗೆ ಕಾಣುವ ಮೂಲ ತೊಂದರೆಯೆಂದರೆ ಮಾಲಿನ ವಯಸ್ಸು ಯಾರಿಗೂ ತಿಳಿಯದಿರುವುದು. ಬಾಟಲಿಯ ಮೇಲೆ ಸಾಮಾನ್ಯವಾಗಿ 890ರಿಂದ ಆರಂಭವಾಗುವ 13 ಅಂಕಿಗಳ ಬಾರ್‌ಕೋಡ್ ಯಾವ ಪಾನೀಯ, ಯಾವ ಅಳತೆ ಎಂಬುದನ್ನು ಗುರುತಿಸುತ್ತದೆಯೇ ಹೊರತು ಎಂದು ತಯಾರಾಯಿತೆಂದು ಹೇಳಲಾರದು; ಬ್ಯಾಚ್ ಸಂಖ್ಯೆ ಮತ್ತು ದಿನಾಂಕ ಬೇರೆಯಾಗಿ ಮುದ್ರಿತವಾಗಿರುತ್ತವೆ. ಆದ್ದರಿಂದ ಲಾರಿ ಇಳಿಸುವಾಗಲೇ ಪ್ರತಿ ಪ್ಯಾಲೆಟ್ಟಿಗೂ (ಕೇಸುಗಳನ್ನು ಪೇರಿಸಿಡುವ ಹಲಗೆ) ಬ್ಯಾಚ್, ಅವಧಿ ಮುಗಿಯುವ ದಿನ, ಕೇಸುಗಳ ಸಂಖ್ಯೆಯನ್ನು ಒಳಗೊಂಡ ಕ್ಯೂಆರ್ ಚೀಟಿ ಮುದ್ರಿಸಿ ಅಂಟಿಸಿ. ಅದನ್ನು ಇಟ್ಟ ಸಾಲಿನ ಕೋಡನ್ನೂ ಜೊತೆಗೇ ಸ್ಕ್ಯಾನ್ ಮಾಡಿಸಿ. ಆರ್ಡರ್ ಬಂದಾಗ ಯಾವ ಸಾಲಿನಿಂದ ತೆಗೆಯಬೇಕೆಂದು ಫೋನಿನ ಪರದೆಯೇ ಸೂಚಿಸಬೇಕು. ಅಲ್ಲಿ ನೋಡಬೇಕಾದದ್ದು ಅವಧಿ ಮುಗಿಯುವ ದಿನವನ್ನು, ಮಾಲು ಬಂದ ದಿನವನ್ನಲ್ಲ. ನಿನ್ನೆಯ ಲಾರಿಯಲ್ಲೂ ಹಳೆಯ ಬ್ಯಾಚ್ ಬರುವುದುಂಟು. ಸೂಚನೆ ಕನ್ನಡದಲ್ಲಿರಲಿ, ಹಮಾಲರಿಗೆ ಓದಲಾಗದ ತಂತ್ರಾಂಶ ಬಹುಬೇಗ ಮೂಲೆ ಸೇರುತ್ತದೆ. ಇಷ್ಟಾದರೂ ಹಳೆಯ ರಾಶಿ ಗೋಡೆಗೆ ಒತ್ತಿಕೊಂಡು ಹಿಂದೆ ಸಿಕ್ಕಿಬಿದ್ದಿದ್ದರೆ ಪರದೆ ತೋರಿಸಿಯೂ ಪ್ರಯೋಜನವಿಲ್ಲ. ಕೆಲವು ಕೇಸುಗಳ ಜಾಗ ಕಳೆದುಕೊಂಡಾದರೂ ಎರಡೂ ಕಡೆಯಿಂದ ತೆಗೆಯುವಂತೆ ದಾರಿ ಬಿಡಿ.

ಚಿಕ್ಕ ಪ್ಲಾಸ್ಟಿಕ್ ಬಾಟಲಿಯ ಸೋಡಾ, ಕೋಲಾಗಳ ಮೇಲೆ ವಿಶೇಷವಾಗಿ ಕಣ್ಣಿಡಿ. ಪ್ಲಾಸ್ಟಿಕ್ಕಿನ ಮೂಲಕ ಅನಿಲ ನಿಧಾನವಾಗಿ ಹೊರಹೋಗುತ್ತಲೇ ಇರುತ್ತದೆ. ಒಳಗಿರುವ ಪಾನೀಯಕ್ಕೆ ಹೋಲಿಸಿದರೆ ಹೊರಮೈ ಹೆಚ್ಚಾದ್ದರಿಂದ ಚಿಕ್ಕವು ದೊಡ್ಡವಕ್ಕಿಂತ ಬೇಗ ಸಪ್ಪೆಯಾಗುತ್ತವೆ, ತಗಡಿನ ಚಾವಣಿಯ ಕಾವು ಅದಕ್ಕೆ ಮತ್ತಷ್ಟು ಇಂಬು ಕೊಡುತ್ತದೆ. ಚಾವಣಿಯ ಸಮೀಪ ಒಂದು, ನೆಲದ ಸಮೀಪ ಒಂದು ತಾಪಮಾನ ಸೆನ್ಸರ್ ಇಟ್ಟರೆ ಯಾವ ಮಾಲನ್ನು ಎಲ್ಲಿಡಬೇಕೆಂಬುದು ಒಂದೇ ಬೇಸಿಗೆಯಲ್ಲಿ ಗೊತ್ತಾಗುತ್ತದೆ.

ಬಾಟಲಿ ರಾಶಿಗಳ ನಡುವೆ ವೈಫೈ ಕೂಡ ಕುಂದುತ್ತದೆ. ಹಾಗಾಗಿ ಸಂಪರ್ಕ ಕಡಿದಾಗ ದಾಖಲೆಯನ್ನು ಫೋನಿನಲ್ಲೇ ಉಳಿಸಿಕೊಂಡು, ಸಂಪರ್ಕ ಮರಳಿದಾಗ ಲೆಕ್ಕಕ್ಕೆ ಸೇರಿಸುವ ತಂತ್ರಾಂಶವನ್ನೇ ಕೇಳಿ ಪಡೆಯಿರಿ.