ಕಾಣುತ್ತದೆ, ಮನಸ್ಸಿಗೆ ಇಳಿಯುವುದಿಲ್ಲ

ಓದುಗರ ಪತ್ರ (ಸಂಗ್ರಹಿಸಿ): ನಾನು ಮೂವತ್ತು ವರ್ಷ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡಿದವಳು. ವರ್ಡ್ಸ್‌ವರ್ತ್‌ನ ‘ಟಿಂಟರ್ನ್ ಅಬೆ’ ಪದ್ಯದಲ್ಲಿ ಮುಳುಗುವ ಸೂರ್ಯನ ಬೆಳಕಿನಲ್ಲಿ ಚೈತನ್ಯವೊಂದು ನೆಲೆಸಿದೆ ಎಂಬ ಮಾತು ಬಂದಾಗಲೆಲ್ಲ, ಇದು ನಮ್ಮ ಉಪನಿಷತ್ತೇ ಎಂದು ಮಕ್ಕಳಿಗೆ ಹೇಳುತ್ತಿದ್ದೆ. ಹೋದ ವರ್ಷ ನಮ್ಮ ಯಜಮಾನರು ತೀರಿಕೊಂಡರು. ಡಿಸೆಂಬರಿನಲ್ಲಿ ಮಗ ಆಗುಂಬೆಗೆ ಕರೆದುಕೊಂಡು ಹೋದ. ಆಕಾಶ ತಿಳಿಯಾಗಿತ್ತು, ಸೂರ್ಯ ಚೆನ್ನಾಗಿಯೇ ಮುಳುಗಿದ. ನನಗೆ ಏನೂ ಅನ್ನಿಸಲಿಲ್ಲ. ಕುವೆಂಪು ಅದೇ ಸೀಮೆಯ ಆಕಾಶದಲ್ಲಿ ಬೆಳ್ಳಕ್ಕಿ ಸಾಲನ್ನು ಕಂಡು ‘ದೇವರು ರುಜು ಮಾಡಿದನು’ ಎಂದರು. ನನಗೆ ಕಂಡಿದ್ದು ಬರೀ ಸಂಜೆ. ಪ್ರಕೃತಿ ತನ್ನನ್ನು ಪ್ರೀತಿಸಿದವರಿಗೆ ಎಂದೂ ದ್ರೋಹ ಮಾಡಿಲ್ಲ ಎಂಬ ಸಾಲು ಸುಳ್ಳೇ? ನಾನು ಸುಳ್ಳು ಪಾಠ ಮಾಡಿದೆನೇ? ಯಜಮಾನರು ಅಕ್ಕಿ ತೊಳೆದ ನೀರು ಹಾಕುತ್ತಿದ್ದ ಹಿತ್ತಲ ಕರಿಬೇವು ಈಗ ಮತ್ತೆ ಚಿಗುರಿದೆ. ಅದರ ಮುಂದೆ ನಿಂತರೂ ಪದ್ಯ ನೆನಪಾಗುವುದಿಲ್ಲ.

ಸಂಪಾದಕರ ಉತ್ತರ

ಪ್ರಿಯ ಮೇಡಂ,

ಆಗುಂಬೆಯಲ್ಲಿ ನಿಮಗೆ ಆದದ್ದು 1802ರಲ್ಲಿ ವರ್ಡ್ಸ್‌ವರ್ತ್‌ನ ಕವಿಗೆಳೆಯ ಕೋಲ್‌ರಿಜ್‌ಗೂ ಆಗಿತ್ತು. ಏಪ್ರಿಲ್ 4, ಭಾನುವಾರ ಸಂಜೆ ಅವನು ಪದ್ಯರೂಪದ ಒಂದು ಪತ್ರ ಬರೆದ. ಅದೇ ಮುಂದೆ ತಿದ್ದಿ ಕಡಿಮೆಯಾಗಿ, ‘ಡಿಜೆಕ್ಷನ್: ಆ್ಯನ್ ಓಡ್’ ಎಂಬ ವಿಷಾದದ ಪ್ರಸಿದ್ಧ ಪದ್ಯವಾಯಿತು. ಪಡುವಣ ಆಕಾಶವನ್ನು ಸಂಜೆಯಿಡೀ ನೋಡುತ್ತಿದ್ದೇನೆ ಎನ್ನುತ್ತಾನೆ. ಅದರ ಹಳದಿ ಬೆರೆತ ಹಸಿರು ಅವನಿಗೆ ಕಾಣುತ್ತದೆ, ಪದರ ಪದರವಾದ ತೆಳುಮೋಡ ಕಾಣುತ್ತದೆ, ಎಳೆಚಂದ್ರ ಕಾಣುತ್ತಾನೆ. ಇವೆಲ್ಲ ಎಷ್ಟು ಚೆಂದವೆಂದು ಕಾಣುತ್ತಿದೆ, ಆದರೆ ಅನ್ನಿಸುತ್ತಿಲ್ಲ ಎಂದು ನೇರವಾಗಿಯೇ ಹೇಳಿಬಿಡುತ್ತಾನೆ. ನಿಮ್ಮ ಪತ್ರ ಓದುವಾಗ ನನಗೆ ಮೊದಲು ನೆನಪಾದದ್ದು ಈ ಸಾಲೇ. ಪ್ರಕೃತಿಯಲ್ಲಿ ದೈವವನ್ನು ಕಂಡರು ಎಂದು ನಾವು ಹೊಗಳುವ ಆ ಗೆಳೆಯರ ನಡುವೆಯೇ ಇಂಥ ಖಾಲಿ ಕಣ್ಣೂ ಇತ್ತು. ಅದನ್ನು ಅವರು ಮುಚ್ಚಿಡಲಿಲ್ಲ, ಅಚ್ಚು ಹಾಕಿಸಿದರು.

ಕೋಲ್‌ರಿಜ್ ಅಲ್ಲಿ ಮಾಡಿದ ಒಂದು ತೀರ್ಮಾನವನ್ನು ಮಾತ್ರ ನಾನು ಒಪ್ಪಲಾರೆ. ನಾವು ಕೊಟ್ಟದ್ದಷ್ಟೇ ನಮಗೆ ಮರಳಿ ಸಿಗುತ್ತದೆ, ಪ್ರಕೃತಿಗೆ ಜೀವ ಬರುವುದು ನಮ್ಮಿಂದಲೇ ಎನ್ನುತ್ತಾನೆ. ಹಾಗಾದರೆ ದುಃಖದಲ್ಲಿದ್ದವರಿಗೆ ಏನೂ ಕಾಣದಿದ್ದರೆ ಅದು ಅವರದೇ ತಪ್ಪು ಎಂದಾಗುತ್ತದೆ. ನಿಮ್ಮ ಪತ್ರದಲ್ಲಿಯೂ ಅಂಥ ಅಪರಾಧಿಭಾವ ಕಂಡಿತು. ಬೇಡ, ಮೇಡಂ.

ಈಗ ನೀವು ಕೇಳಿದ ಸಾಲಿಗೆ ಬರುತ್ತೇನೆ. ಅದಿರುವ ‘ಟಿಂಟರ್ನ್ ಅಬೆ’ ಪದ್ಯದ ಶೀರ್ಷಿಕೆಯಲ್ಲೇ ತಾರೀಖಿದೆ: 1798ರ ಜುಲೈ 13. ವರ್ಡ್ಸ್‌ವರ್ತ್‌ಗೆ ಆಗ 28 ವರ್ಷ. ವೈ ನದಿಯ ದಡಕ್ಕೆ ಐದು ವರ್ಷಗಳ ಮೇಲೆ ಮರಳಿ ಬಂದಿದ್ದ, ಜೊತೆಗೆ ತಂಗಿ ಡೊರೊಥಿ ಇದ್ದಳು. ಸೂರ್ಯಾಸ್ತದ ಆ ಭಾಗವನ್ನು ನಾವೆಲ್ಲ ಬಿಡಿಯಾಗಿ ಎತ್ತಿ ಹೇಳುತ್ತೇವೆ, ಪರೀಕ್ಷೆಯಲ್ಲಿ ಸಂದರ್ಭ ಸಹಿತ ವಿವರಿಸಿ ಎಂದು ಕೇಳುತ್ತೇವೆ. ಅದಕ್ಕಿಂತ ಸ್ವಲ್ಪ ಮೇಲಿನಿಂದ ಒಮ್ಮೆ ಓದಿ. ಮನುಷ್ಯಕುಲದ ಸದ್ದಿಲ್ಲದ ದುಃಖದ ನಾದ ಕೇಳಲು ಕಲಿತೆ ಎಂಬ ಮಾತು ಮೊದಲು ಬರುತ್ತದೆ. ಚೈತನ್ಯದ ಮಾತು ಬರುವುದು ಆಮೇಲೆ. ಆ ಚೈತನ್ಯದ ನೆಲೆಗಳನ್ನು ಹೇಳುವಾಗಲೂ ಅವನು ಸೂರ್ಯಾಸ್ತಕ್ಕೆ ನಿಲ್ಲುವುದಿಲ್ಲ. ಕಡಲು, ಗಾಳಿ, ನೀಲಿ ಆಕಾಶ ಎಂದು ಸಾಗಿ ಮನುಷ್ಯನ ಮನಸ್ಸಿಗೆ ಬರುತ್ತಾನೆ. ಇದೆಲ್ಲಕ್ಕೂ ಮೊದಲೇ, ಪದ್ಯದ ಆರಂಭದ ಭಾಗದಲ್ಲಿ ಇನ್ನೊಂದು ಮಾತಿದೆ: ಇದು ಬರೀ ಹುಸಿ ನಂಬಿಕೆಯೇ ಆಗಿದ್ದರೂ, ಲೋಕದ ಜಂಜಾಟದಲ್ಲಿ ಎಷ್ಟು ಸಲ ಈ ನದಿಯನ್ನು ನೆನೆದಿದ್ದೇನೆ! ಉಪನಿಷತ್ತಿನ ಹೋಲಿಕೆ ಕೊಟ್ಟದ್ದರಲ್ಲಿ ತಪ್ಪೇನಿಲ್ಲ. ಆದರೆ ವರ್ಡ್ಸ್‌ವರ್ತ್ ಋಷಿಯ ಹಾಗೆ ಕಂಡದ್ದನ್ನು ಘೋಷಿಸುತ್ತಿಲ್ಲ. ನನಗೆ ಹೀಗೆ ಅನ್ನಿಸಿದೆ ಎನ್ನುತ್ತಾನೆ, ಸಂಶಯಕ್ಕೂ ಜಾಗ ಬಿಡುತ್ತಾನೆ. ನನಗೆ ಆ ಪದ್ಯದಲ್ಲಿ ತುಂಬ ಹತ್ತಿರವಾದದ್ದು ಈ ಸಂಶಯವೇ. ಇನ್ನೊಂದು ಸಂಗತಿ: ಆ ನದಿಯಿಂದ ಅವನಿಗೆ ಸಿಕ್ಕ ಸಮಾಧಾನದ ಬಹುಪಾಲು ನದಿಯ ಮುಂದೆ ನಿಂತಾಗ ಸಿಕ್ಕಿದ್ದಲ್ಲ. ದೂರದ ಊರಿನ ಕೋಣೆಗಳಲ್ಲಿ ಒಬ್ಬನೇ ಕೂತಾಗ, ವರ್ಷಗಳ ಮೇಲೆ, ನೆನಪಾಗಿ ಬಂದದ್ದು. ಆಗುಂಬೆಯ ಕಟ್ಟೆಯ ಮೇಲೆ ಅರ್ಧ ಗಂಟೆಯಲ್ಲೇ ಅದು ಬರಬೇಕೆಂದು ಅವನೂ ಹೇಳಿಲ್ಲ.

ದ್ರೋಹ ಮಾಡಿಲ್ಲ ಎಂಬ ಸಾಲೂ ಇದೇ ಪದ್ಯದ ಕೊನೆಯ ಭಾಗದ್ದು, ತಂಗಿಗೆ ಹೇಳಿದ್ದು. ಅವನು ಅದನ್ನು ಬರೆದು ಏಳು ವರ್ಷವೂ ತುಂಬಿರಲಿಲ್ಲ, 1805ರ ಫೆಬ್ರವರಿ 5ರಂದು ಅವನ ತಮ್ಮ ಜಾನ್ ಸಮುದ್ರದ ಪಾಲಾದ. ಜಾನ್ ಈಸ್ಟ್ ಇಂಡಿಯಾ ಕಂಪನಿಯ ಹಡಗೊಂದರ ಕ್ಯಾಪ್ಟನ್, ಬಂಗಾಳ ಮತ್ತು ಚೀನಾಕ್ಕೆ ಹೊರಟವನು. ಇಂಗ್ಲೆಂಡಿನ ತೀರ ದಾಟುವ ಮೊದಲೇ ವೇಮತ್ ಬಳಿ ಹಡಗು ಮುಳುಗಿತು. 250ಕ್ಕೂ ಹೆಚ್ಚು ಮಂದಿ ಸತ್ತರು. ಮುಂದೆ ವರ್ಡ್ಸ್‌ವರ್ತ್ ಒಂದು ವರ್ಣಚಿತ್ರ ನೋಡುತ್ತಾನೆ. ಗೆಳೆಯ ಸರ್ ಜಾರ್ಜ್ ಬ್ಯೂಮಾಂಟ್ ಬರೆದದ್ದು, ಬಿರುಗಾಳಿಯಲ್ಲಿ ನಿಂತ ಪೀಲ್ ಕೋಟೆ. ಹಿಂದೊಮ್ಮೆ ಬೇಸಗೆಯಲ್ಲಿ ನಾಲ್ಕು ವಾರ ಆ ಕೋಟೆಯ ಪಕ್ಕದಲ್ಲೇ ಇದ್ದವನು ಅವನು, ಕನ್ನಡಿಯಂತೆ ನಿಂತ ಕಡಲನ್ನು ದಿನವೂ ನೋಡಿದವನು. ಆ ಚಿತ್ರ ನೋಡಿ ಬರೆದ ಪದ್ಯದಲ್ಲಿ, ಆಗ ನಾನು ಚಿತ್ರಕಾರನಾಗಿದ್ದರೆ ಆ ಶಾಂತಿಯನ್ನೇ ಬರೆದು, ಅದೇ ಸತ್ಯವೆಂದು ನಂಬುತ್ತಿದ್ದೆ ಎನ್ನುತ್ತಾನೆ. ಈಗ ಈ ಬಿರುಗಾಳಿಯ ಚಿತ್ರವೇ ಸರಿ ಎನ್ನುತ್ತಾನೆ. ಒಂದು ಶಕ್ತಿ ಹೋಯಿತು, ಅದು ಮರಳಿ ಬರುವುದಿಲ್ಲ, ಆಳದ ಸಂಕಟವೊಂದು ನನ್ನನ್ನು ಮನುಷ್ಯನನ್ನಾಗಿ ಮಾಡಿದೆ ಎಂದು ಬರೆದುಕೊಳ್ಳುತ್ತಾನೆ. ಆ ಹಳೆಯ ಸಾಲನ್ನು ಅವನು ಅಳಿಸಲಿಲ್ಲ, ಅದರ ಪಕ್ಕದಲ್ಲಿ ಈ ಪದ್ಯವನ್ನು ಇಟ್ಟ. ಹಾಗಾಗಿ ನೀವು ಸುಳ್ಳು ಪಾಠ ಮಾಡಲಿಲ್ಲ. ಸಿಲಬಸ್ಸಿನಲ್ಲಿ ಮೊದಲ ಪದ್ಯ ಇತ್ತು, ಎರಡನೆಯದು ಇರಲಿಲ್ಲ, ಅಷ್ಟೇ.

ಕರಿಬೇವಿನ ಮಾತು ನನ್ನನ್ನು ಡೊರೊಥಿಯ ದಿನಚರಿಗೆ ಕರೆದುಕೊಂಡು ಹೋಯಿತು. ಕೋಲ್‌ರಿಜ್ ಪತ್ರ ಬರೆದ ಹನ್ನೊಂದು ದಿನಕ್ಕೆ, ಏಪ್ರಿಲ್ 15ರಂದು, ಅಣ್ಣ ತಂಗಿ ಅಲ್ಸ್‌ವಾಟರ್ ಸರೋವರದ ದಂಡೆಯಲ್ಲಿ ಜೋರುಗಾಳಿಯಲ್ಲಿ ನಡೆದು ಬರುತ್ತಿದ್ದರು. ಡ್ಯಾಫೊಡಿಲ್ ಹೂಗಳನ್ನು ಕಂಡದ್ದು ಆಗಲೇ. ಎರಡು ವರ್ಷದ ಮೇಲೆ ಅಣ್ಣ ಬರೆದ ಪದ್ಯದಲ್ಲಿ ಹೂಗಳೆಲ್ಲ ಕುಣಿಯುತ್ತವೆ, ಅವನು ಮೋಡದಂತೆ ಒಂಟಿಯಾಗಿ ಅಲೆಯುತ್ತಾನೆ, ತಂಗಿಯ ಸುಳಿವೇ ಇಲ್ಲ. ತಂಗಿಯ ದಿನಚರಿಯಲ್ಲಿ ಕುಣಿಯುವ ಹೂಗಳೂ ಇವೆ, ಜೊತೆಗೆ ಇನ್ನೊಂದು ಬಗೆಯ ಹೂಗಳೂ ಇವೆ: ದಣಿವಾಗಿ, ದಿಂಬಿಗೆ ಒರಗಿದಂತೆ, ಪಾಚಿಗಟ್ಟಿದ ಕಲ್ಲುಗಳ ಮೇಲೆ ತಲೆಯಿಟ್ಟವು. ಪದ್ಯಕ್ಕೆ ಅವು ಬರಲಿಲ್ಲ. ನನಗೆ ಆ ಪದ್ಯಕ್ಕಿಂತ ಈ ಒಂದು ವಾಕ್ಯ ಹೆಚ್ಚು. ಅವಳು ಅಲ್ಲಿ ದೇವರ ಹೆಸರು ಎತ್ತುವುದಿಲ್ಲ, ಅರ್ಥ ಹುಡುಕುವುದಿಲ್ಲ. ದಣಿದ ಹೂವನ್ನು ದಣಿದ ಹೂವಾಗಿಯೇ ನೋಡುತ್ತಾಳೆ. ಈ ಕವಿಗಳಿಂದ ಅಧ್ಯಾತ್ಮ ಎಂದು ಏನಾದರೂ ಕಲಿಯುವುದಿದ್ದರೆ ನಾನು ಅದನ್ನು ಇಂಥ ನೋಟದಿಂದಲೇ ಶುರುಮಾಡುತ್ತೇನೆ. ಕರಿಬೇವಿನ ಮುಂದೆ ನಿಂತಾಗ ಪದ್ಯ ನೆನಪಾಗದಿದ್ದರೆ ಬೇಡ. ಅಕ್ಕಿ ತೊಳೆದ ನೀರು ನೆನಪಾಯಿತಲ್ಲ.

ಒಂದು ಕೋರಿಕೆ ಇದೆ. ಪೀಲ್ ಕೋಟೆಯ ಆ ಪದ್ಯವನ್ನು ನೀವೇ ಕನ್ನಡಕ್ಕೆ ತಂದುಕೊಡಿ. ಮೂವತ್ತು ವರ್ಷ ಅದರ ಅಕ್ಕಪಕ್ಕದ ಪದ್ಯಗಳನ್ನು ಪಾಠ ಮಾಡಿದ್ದೀರಿ, ನನ್ನಿಂದ ಆಗದ್ದು ನಿಮ್ಮಿಂದ ಆಗುತ್ತದೆ. ಅವಸರವಿಲ್ಲ, ಮಳೆಗಾಲ ಕಳೆದ ಮೇಲೆ ಕಳಿಸಿದರೂ ಸರಿ. ಪುಟ ಕಾದಿರಿಸಿರುತ್ತೇನೆ.

ನಿಮ್ಮ,
ಸಂಪಾದಕ