ಲೆಪ್ಟಿನ್ ಕೊಟ್ಟರೂ ಡಿಬಿ ಇಲಿ ಏಕೆ ಚೇತರಿಸಿಕೊಳ್ಳುವುದಿಲ್ಲ?

ಧಾರವಾಡದಲ್ಲಿ ಪ್ರಾಣಿಶಾಸ್ತ್ರ ಓದುತ್ತಿರುವ ತಾವು, ಲೆಪ್ಟಿನ್ (ಕೊಬ್ಬಿನ ಕೋಶಗಳು ಸ್ರವಿಸುವ, ಹಸಿವು ತಗ್ಗಿಸುವ ಹಾರ್ಮೋನ್) ಚುಚ್ಚಿದರೆ ಓಬಿ ಇಲಿಯ ತೂಕ ಇಳಿಯುತ್ತದೆ, ಡಿಬಿ ಇಲಿಯದು ಏಕಿಲ್ಲ, ಅದರ ಮೂತ್ರಪಿಂಡ ಏಕೆ ಕೆಡುತ್ತದೆ ಎಂದು ಕೇಳಿದ್ದೀರಿ. ಇವೆರಡೂ ಜೀನ್ ದೋಷದಿಂದ ಬೊಜ್ಜು ಬರುವ ಪ್ರಯೋಗಾಲಯದ ಇಲಿಗಳು. ಓಬಿ ಇಲಿಯಲ್ಲಿ ಸರಿಯಾದ ಹಾರ್ಮೋನೇ ತಯಾರಾಗುವುದಿಲ್ಲ; ಡಿಬಿ ಇಲಿಯ ರಕ್ತದಲ್ಲಿ ಅದು ಹೇರಳವಾಗಿದ್ದರೂ ಅದನ್ನು ಗ್ರಹಿಸಬೇಕಾದ ರಿಸೆಪ್ಟರ್ (ಕೋಶದ ಗ್ರಾಹಕ ಪ್ರೋಟೀನ್) ದೋಷಪೂರಿತವಾಗಿರುತ್ತದೆ. ಹೀಗಾಗಿ ಕೊಬ್ಬು ಸಾಕಷ್ಟಿದೆ ಎಂಬ ಸೂಚನೆ ಮಿದುಳಿನಲ್ಲಿ ಹಸಿವನ್ನು ನಿಯಂತ್ರಿಸುವ ಭಾಗವಾದ ಹೈಪೋಥಲಮಸ್‌ಗೆ ತಲುಪದೆ, ಇಲಿ ತಿನ್ನುತ್ತಲೇ ಹೋಗಿ, ಯಕೃತ್ತಿನಲ್ಲಿ ಕೊಬ್ಬು ಶೇಖರವಾಗಿ, ಅಂಗಾಂಶಗಳು ಇನ್ಸುಲಿನ್‌ಗೆ ಸರಿಯಾಗಿ ಸ್ಪಂದಿಸದಂತಾಗುತ್ತವೆ. ಮೂತ್ರಪಿಂಡದ ಮಟ್ಟಿಗೆ ತಳಿಯನ್ನೂ ನೋಡಲೇಬೇಕು (ತಳಿಯ ಹೆಸರಿಲ್ಲದ ಡಿಬಿ ಫಲಿತಾಂಶ ನನ್ನ ದೃಷ್ಟಿಯಲ್ಲಿ ಅರ್ಧ ಮಾಹಿತಿಯಷ್ಟೇ): ಸಿ57ಬಿಎಲ್‌ಕೆಎಸ್ ತಳಿಯಲ್ಲಿ ಮೇದೋಜೀರಕ ಗ್ರಂಥಿಯ, ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳು ಸೋತು, ರಕ್ತದ ಸಕ್ಕರೆ ತೀವ್ರವಾಗಿ ಏರಿ, ಮೂತ್ರಪಿಂಡ ಕೆಡುತ್ತಿರುವ ಗುರುತಾಗಿ ಮೂತ್ರದಲ್ಲಿ ಅಲ್ಬುಮಿನ್ ಎಂಬ ರಕ್ತದ ಪ್ರೋಟೀನ್ ಕಾಣಿಸಿಕೊಳ್ಳುತ್ತದೆ, ಸಿ57ಬಿಎಲ್/6 ತಳಿಯಲ್ಲಿ ಅದೇ ಕೋಶಗಳು ಹೆಚ್ಚು ಇನ್ಸುಲಿನ್ ಸ್ರವಿಸಿ ಬಹುಮಟ್ಟಿಗೆ ತಡೆದುಕೊಳ್ಳುತ್ತವೆ.