ಸುಲುಸ್ ಮತ್ತು ನಸ್ಖ್: ಗುರುತಿಸುವ ಬಗೆ

ಅರಬ್ಬಿ ಅಕ್ಷರಗಳನ್ನು ಅಂದವಾಗಿ ಬರೆಯುವ ಸುಲುಸ್ ಮತ್ತು ನಸ್ಖ್ ಲಿಪಿಗಳೆರಡೂ ಚುಕ್ಕೆಗಳಲ್ಲಿ ಎಣಿಸುವ ಒಂದೇ ಅಳತೆಗೆ ಒಳಪಟ್ಟಿರುವಾಗ ಅವನ್ನು ಬೇರ್ಪಡಿಸುವುದು ಹೇಗೆಂದು ಕೇಳಿದ್ದೀರಿ. ಆ ಅಳತೆಯನ್ನು 10ನೆಯ ಶತಮಾನದ ಬಾಗ್ದಾದಿನ ವಜೀರ ಇಬ್ನ್ ಮುಕ್ಲಾ ರೂಪಿಸಿದನೆಂಬುದು ಪರಂಪರೆಯ ಮಾತು. ಓರೆಯಾಗಿ ಕತ್ತರಿಸಿದ ಜೊಂಡಿನ ಲೇಖನಿಯನ್ನು ಒತ್ತಿದಾಗ ಮೂಡುವ ವಜ್ರಾಕೃತಿಯ ಚುಕ್ಕೆಯೇ ಅದರ ಮೂಲಮಾನ. ಸುಲುಸ್‌ನ ಅಲಿಫ್ (ನೆಟ್ಟಗೆ ನಿಲ್ಲುವ ಗೆರೆಯಂಥ, ಅರಬ್ಬಿಯ ಮೊದಲ ಅಕ್ಷರ) ಸಾಮಾನ್ಯವಾಗಿ 7 ಚುಕ್ಕೆಗಳಷ್ಟು ಎತ್ತರವಿದ್ದು, ಅದರ ನೆತ್ತಿಯಲ್ಲಿ ಸಣ್ಣ ಕೊಕ್ಕೆಯಿರುತ್ತದೆ. ನಸ್ಖ್‌ನದು ಗಿಡ್ಡ, ಹೆಚ್ಚಾಗಿ ಕೊಕ್ಕೆಯಿಲ್ಲದ್ದು.

ಆದರೆ ಎತ್ತರವೊಂದನ್ನೇ ನಂಬಬೇಡಿ, ಏಕೆಂದರೆ ಮುಹಕ್ಕಕ್ ಎಂಬ ಇನ್ನೊಂದು ಅರಬ್ಬಿ ಲಿಪಿಯ ಅಲಿಫ್ ಕೂಡ ಎತ್ತರವೇ. ಸಾಲಿನ ಕೆಳಗಿಳಿಯುವ ಬಾಲಗಳನ್ನು ನೋಡಿ: ಮುಹಕ್ಕಕ್‌ನಲ್ಲಿ ಅವು ಆಳವಿಲ್ಲದೆ ನೇರವಾಗಿ ಮೊನಚಾಗುತ್ತವೆ, ಸುಲುಸ್‌ನಲ್ಲಿ ಆಳವಾಗಿ ಬಾಗುತ್ತವೆ. ಸುಲುಸ್‌ನ ಅಕ್ಷರಗಳು ಒಂದರ ಮೇಲೊಂದು ಹೆಣೆದುಕೊಂಡು ಓದುಗನನ್ನು ತುಸು ಸತಾಯಿಸುವುದೂ ಉಂಟು, ಮತ್ತು ನನ್ನ ಮಟ್ಟಿಗೆ ಅದರ ಸೊಗಸೆಲ್ಲ ಅಲ್ಲಿಯೇ ಇದೆ. ನಸ್ಖ್ ಮುಖ್ಯವಾಗಿ ಗ್ರಂಥಗಳ ಲಿಪಿ. ಇಂದಿನ ಅರಬ್ಬಿ ಮುದ್ರಣದ ಅಚ್ಚುಗಳಿಗೂ ಅದೇ ಆಧಾರ.

ಅಭ್ಯಾಸಕ್ಕೆ ತಾಜ್ ಮಹಲಿನ ದ್ವಾರದ ಚಿತ್ರವನ್ನು ತೆಗೆದುಕೊಳ್ಳಿ. ಅಲ್ಲಿ ಲಿಪಿಕಾರ ಅಮಾನತ್ ಖಾನ್ ಬರೆದ ಸಾಲುಗಳು ಸುಲುಸ್‌ನಲ್ಲಿವೆ. ಮೇಲೇರಿದಂತೆ ಅಕ್ಷರಗಳನ್ನು ಹಿಗ್ಗಿಸಿರುವುದರಿಂದ ಕೆಳಗೆ ನಿಂತವರಿಗೆ ಎಲ್ಲವೂ ಒಂದೇ ಗಾತ್ರದಂತೆ ಕಾಣುತ್ತವೆ.